ಬೋರ್ಡ್ ಗೇಮ್ ಆಡುವ ಪ್ರೋಗ್ರಾಂ ಬರೆಯೋಣ: ಮಿನಿಮ್ಯಾಕ್ಸ್‌ನಿಂದ ಮಾಂಟೆ ಕಾರ್ಲೋವರೆಗೆ

ಆಟಕ್ಕೆ ಕೂತಾಗ ನಾವೆಲ್ಲ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತೇವೆ. ನಾನು ಇಲ್ಲಿ ಇಟ್ಟರೆ ಅವರು ಅಲ್ಲಿ ಇಡುತ್ತಾರೆ, ಆಗ ನಾನು ಎಲ್ಲಿ ಇಡಲಿ? ಬೋರ್ಡ್ ಗೇಮ್ ಆಡುವ ಪ್ರೋಗ್ರಾಂ ಮಾಡುವುದೂ ಇದನ್ನೇ. ನಾವು ಎರಡು ಮೂರು ನಡೆ ಮುಂದೆ ನೋಡುವಷ್ಟರಲ್ಲಿ ಅದು ಲಕ್ಷಾಂತರ ದಾರಿಗಳನ್ನು ನೋಡಿ ಮುಗಿಸಿರುತ್ತದೆ. ಈ ನೋಡುವ ಕೆಲಸಕ್ಕೇ ಹುಡುಕಾಟ ಅನ್ನುತ್ತಾರೆ.

ಇಲ್ಲಿ ಅಂಥ ಪ್ರೋಗ್ರಾಂ ಒಂದನ್ನು ಹಂತ ಹಂತವಾಗಿ ಕಟ್ಟೋಣ. ಯಾವ ಪ್ರೋಗ್ರಾಮಿಂಗ್ ಭಾಷೆಯಾದರೂ ಸರಿ. ಒಂದು ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು ಹೇಗೆ ಅನ್ನುವುದು ಗೊತ್ತಿದ್ದರೆ ಸಾಕು.

ಶುರು ಮಾಡುವ ಮುಂಚೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಹಂತ ಮುಗಿದಾಗಲೂ ಎರಡು ಸಂಖ್ಯೆ ಬರೆದಿಡಿ. ಪ್ರೋಗ್ರಾಂ ಕೊಟ್ಟ ಅಂಕ ಎಷ್ಟು, ಅದಕ್ಕಾಗಿ ಅದು ನೋಡಿದ ಸ್ಥಿತಿಗಳು, ಅಂದರೆ ಬೋರ್ಡ್ ಮೇಲಿನ ಜೋಡಣೆಗಳು, ಎಷ್ಟು. ವೇಗ ಹೆಚ್ಚಿಸುವ ಯಾವ ಉಪಾಯ ಸೇರಿಸಿದರೂ ಅಂಕ ಬದಲಾಗಬಾರದು, ಎಣಿಕೆ ಮಾತ್ರ ಇಳಿಯಬೇಕು. ಈ ಲೇಖನದಿಂದ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಹುಡುಕಾಟದಲ್ಲಿ ಬಗ್ ಇದ್ದರೂ ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ಸಂದೇಶವನ್ನೂ ತೋರಿಸುವುದಿಲ್ಲ. ಸುಮ್ನೆ ಸ್ವಲ್ಪ ಕೆಟ್ಟದಾಗಿ ಆಡುತ್ತದೆ. ಅದನ್ನು ಹಿಡಿದುಕೊಡುವುದು ಈ ಎರಡು ಸಂಖ್ಯೆಗಳೇ.

ಹಂತ 1: ಆಟ ಆರಿಸಿ

ಮೂರರ ಸಾಲಿನ ಟಿಕ್-ಟ್ಯಾಕ್-ಟೋ ತೀರಾ ಚಿಕ್ಕದು. ಅದರಲ್ಲಿ ಬರಬಹುದಾದ ಸ್ಥಿತಿಗಳು ಬರೀ 5,478. ಯಾವ ಜಾಣತನವೂ ಇಲ್ಲದೆ ಎಲ್ಲವನ್ನೂ ನೋಡಿ ಮುಗಿಸಬಹುದು, ಹಾಗಾಗಿ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಚೆಸ್ ಎತ್ತಿಕೊಂಡರೆ ನಿಯಮಗಳನ್ನು ಸರಿಯಾಗಿ ಬರೆಯುವುದರಲ್ಲೇ ದಿನಗಟ್ಟಲೆ ಹೋಗುತ್ತದೆ.

ನನ್ನ ಸಲಹೆ ಕನೆಕ್ಟ್ ಫೋರ್. 7 ಕಾಲಂ, 6 ಸಾಲು. ಕಾಲಂನ ಮೇಲಿಂದ ಬಿಲ್ಲೆ ಬಿಟ್ಟರೆ ಅದು ಕೆಳಗೆ ಹೋಗಿ ಕೂರುತ್ತದೆ. ಅಡ್ಡ, ಉದ್ದ ಅಥವಾ ಓರೆಯಾಗಿ ತನ್ನ ನಾಲ್ಕು ಬಿಲ್ಲೆ ಜೋಡಿಸಿದವರು ಗೆದ್ದರು. ನಿಯಮ ಇಷ್ಟೇ. ಆದರೂ ಸುಮಾರು 4.5 ಲಕ್ಷ ಕೋಟಿ ಸ್ಥಿತಿಗಳಿವೆ. 1988ರಲ್ಲಿ ಜೇಮ್ಸ್ ಅಲೆನ್ ಮತ್ತು ವಿಕ್ಟರ್ ಆಲಿಸ್ ಬೇರೆ ಬೇರೆಯಾಗಿ ಈ ಆಟವನ್ನು ಪೂರ್ತಿ ಬಿಡಿಸಿದರು. ತಪ್ಪಿಲ್ಲದೆ ಆಡಿದರೆ ಮೊದಲು ಆಡುವವರು ಗೆಲ್ಲುತ್ತಾರೆ. ಅಂದರೆ ನಮ್ಮ ಉತ್ತರ ತಾಳೆ ನೋಡಲು ಸರಿಯುತ್ತರ ಮೊದಲೇ ಇದೆ. ಕಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಹಂತ 2: ಬೋರ್ಡ್, ನಡೆ, ವಾಪಸ್

ನಾಲ್ಕು ಕೆಲಸ ಮಾಡುವ ಕೋಡ್ ಬೇಕು. ಆಡಬಹುದಾದ ನಡೆಗಳ ಪಟ್ಟಿ ಕೊಡುವುದು, ನಡೆ ಆಡುವುದು, ಆಡಿದ ನಡೆಯನ್ನು ವಾಪಸ್ ತೆಗೆಯುವುದು, ಕೊನೆಯ ನಡೆಯಿಂದ ಯಾರಾದರೂ ಗೆದ್ದರಾ ಎಂದು ನೋಡುವುದು. ಪ್ರತಿ ನಡೆಗೂ ಇಡೀ ಬೋರ್ಡನ್ನು ನಕಲು ಮಾಡಬೇಡಿ. ಒಂದೇ ಬೋರ್ಡ್ ಮೇಲೆ ಆಡಿ, ನೋಡಿ, ವಾಪಸ್ ತೆಗೆಯಿರಿ. ವೇಗ ತುಂಬಾ ಜಾಸ್ತಿ ಆಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಬೋರ್ಡ್‌ನಿಂದ ಇಂತಿಷ್ಟು ನಡೆಗಳ ಎಷ್ಟು ಸರಣಿ ಸಾಧ್ಯ ಎಂದು ಎಣಿಸಿ. ಇದಕ್ಕೆ ಪರ್ಫ್ಟ್ ಎಂಬ ಹೆಸರಿದೆ. ಕನೆಕ್ಟ್ ಫೋರ್‌ನಲ್ಲಿ 7, 49, 343, 2,401, 16,807, 1,17,649 ಎಂದು ಪ್ರತಿ ಸಲ 7 ಪಟ್ಟು ಏರುತ್ತದೆ. ಏಳನೇ ನಡೆಗೆ ಮಾತ್ರ 8,23,543 ಬರುವುದಿಲ್ಲ, 8,23,536 ಬರುತ್ತದೆ. ಆ 7 ಎಲ್ಲಿ ಹೋಯಿತು? ಮೊದಲ ಆರು ಬಿಲ್ಲೆಗಳೂ ಒಂದೇ ಕಾಲಂಗೆ ಬಿದ್ದರೆ ಅದು ತುಂಬಿಬಿಡುತ್ತದೆ, ಏಳನೆಯದಕ್ಕೆ ಅಲ್ಲಿ ಜಾಗವಿಲ್ಲ. ಅಂಥ ಕಾಲಂ ಏಳು. ನಿಮ್ಮ ಕೋಡ್ ಈ ಸಂಖ್ಯೆ ಕೊಟ್ಟರೆ ಕಾಲಂ ತುಂಬಿದ್ದನ್ನು ಅದು ಸರಿಯಾಗಿ ಗಮನಿಸುತ್ತಿದೆ ಎಂದರ್ಥ. ಚೆಸ್ ಬರೆಯುವವರಿಗೂ ಇದೇ ಮೊದಲ ಪರೀಕ್ಷೆ. ಅಲ್ಲಿ 20, 400, 8,902, 1,97,281 ಬರಬೇಕು.

ಹಂತ 3: ಮಿನಿಮ್ಯಾಕ್ಸ್

ಈಗ ತಿರುಳಿಗೆ ಬರೋಣ. ನನ್ನ ಸರದಿಯಲ್ಲಿ ನನಗೆ ಅತಿ ಹೆಚ್ಚು ಅಂಕ ಕೊಡುವ ನಡೆ ಆರಿಸುತ್ತೇನೆ. ಎದುರಾಳಿ ಅವರ ಸರದಿಯಲ್ಲಿ ನನಗೆ ಅತಿ ಕಡಿಮೆ ಅಂಕ ಸಿಗುವ ನಡೆ ಆರಿಸುತ್ತಾರೆ. ಇಬ್ಬರೂ ಜಾಣರು, ಯಾರೂ ಬಿಟ್ಟುಕೊಡುವುದಿಲ್ಲ. ಇದೇ ಮಿನಿಮ್ಯಾಕ್ಸ್. ಇದರ ಗಣಿತವನ್ನು ಜಾನ್ ಫಾನ್ ನಾಯ್ಮನ್ 1928ರಲ್ಲೇ ಬರೆದಿದ್ದರು. ಅದನ್ನು ಚೆಸ್ ಆಡುವ ಕಂಪ್ಯೂಟರ್‌ಗೆ ಹೇಗೆ ಬಳಸಬಹುದೆಂದು 1950ರಲ್ಲಿ ಕ್ಲಾಡ್ ಶಾನನ್ ವಿವರಿಸಿದರು.

ಗರಿಷ್ಠಕ್ಕೆ ಒಂದು, ಕನಿಷ್ಠಕ್ಕೆ ಒಂದು ಎಂದು ಎರಡು ಫಂಕ್ಷನ್ ಬರೆಯುವ ಬದಲು ಒಂದೇ ಸಾಕು. ನನ್ನ ಲಾಭ ಎದುರಾಳಿಯ ನಷ್ಟ. ಅವರ ಅಂಕದ ಚಿಹ್ನೆ ತಿರುಗಿಸಿದರೆ ನನ್ನ ಅಂಕ ಸಿಗುತ್ತದೆ. ಈ ರೂಪಕ್ಕೆ ನೆಗಾಮ್ಯಾಕ್ಸ್ ಎಂದು ಹೆಸರು. ಇಲ್ಲಿ ಎಚ್ಚರ ಬೇಕಾದ ಜಾಗ ಒಂದೇ. ಅಂಕ ಯಾವಾಗಲೂ ಈಗ ಯಾರ ಸರದಿಯೋ ಅವರ ಕಡೆಯಿಂದ ಇರಬೇಕು. ಇದನ್ನು ಮರೆತರೆ ಪ್ರೋಗ್ರಾಂ ಎದುರಾಳಿಯನ್ನು ಗೆಲ್ಲಿಸಲು ಶುರು ಮಾಡುತ್ತದೆ.

ಗೆಲುವಿಗೆ ಎಷ್ಟು ಅಂಕ ಕೊಡಬೇಕು? ನಾನು ಮೊದಲ ಸಲ ಬರೆದಾಗ ಎಲ್ಲ ಗೆಲುವಿಗೂ ಒಂದೇ ಅಂಕ ಕೊಟ್ಟಿದ್ದೆ. ಒಂದೇ ನಡೆಯಲ್ಲಿ ಗೆಲ್ಲುವ ಅವಕಾಶ ಎದುರಿಗಿದ್ದರೂ ಪ್ರೋಗ್ರಾಂ ಎಲ್ಲೋ ಬೇರೆ ಕಡೆ ಬಿಲ್ಲೆ ಬಿಡುತ್ತಿತ್ತು. ಎರಡು ಸಂಜೆ ಬಗ್ ಹುಡುಕಿದೆ. ಬಗ್ ಅಲ್ಲಿರಲಿಲ್ಲ. ಈಗಲೇ ಗೆದ್ದರೂ ಆಮೇಲೆ ಗೆದ್ದರೂ ಅದಕ್ಕೆ ಒಂದೇ ಆಗಿತ್ತು, ಹಾಗಾಗಿ ಗೆಲುವನ್ನು ಮುಂದೂಡುತ್ತಲೇ ಇತ್ತು. ಪರಿಹಾರ ಸುಲಭ. ಗೆಲುವಿನ ಅಂಕವನ್ನು 1,00,000ದಲ್ಲಿ ಬೋರ್ಡ್ ಮೇಲಿರುವ ಬಿಲ್ಲೆಗಳ ಸಂಖ್ಯೆ ಕಳೆದು ಕೊಡಿ. ಬೇಗ ಗೆದ್ದರೆ ಅಂಕ ಹೆಚ್ಚು. ಸೋಲುವಾಗ ಇದೇ ಲೆಕ್ಕ ತಿರುಗಿ ಕೆಲಸ ಮಾಡುತ್ತದೆ, ಸೋಲನ್ನು ಆದಷ್ಟು ದೂರ ತಳ್ಳುತ್ತದೆ.

ಹಂತ 4: ಎಲ್ಲಿ ನಿಲ್ಲಿಸುವುದು, ಏನು ಅಂದಾಜಿಸುವುದು

ಕೊನೆಯವರೆಗೆ ನೋಡಲು ಆಗುವುದಿಲ್ಲ. ಚೆಸ್‌ನಲ್ಲಿ ಸಾಧ್ಯವಿರುವ ಆಟಗಳ ಸಂಖ್ಯೆ 1ರ ಮುಂದೆ 120 ಸೊನ್ನೆಯಷ್ಟು ಎಂದು ಶಾನನ್ ಅಂದಾಜಿಸಿದ್ದರು. ಹಾಗಾಗಿ ಇಷ್ಟೇ ಆಳ, ಅಂದರೆ ಇಷ್ಟೇ ನಡೆ ಮುಂದೆ, ಎಂದು ಗೆರೆ ಎಳೆದು, ಅಲ್ಲಿ ಸಿಕ್ಕ ಸ್ಥಿತಿಗೆ ಅಂದಾಜು ಅಂಕ ಕೊಡಬೇಕು.

ಕನೆಕ್ಟ್ ಫೋರ್‌ಗೆ ನಾನು ಬಳಸುವ ಅಂದಾಜು ಹೀಗಿದೆ. ಬೋರ್ಡ್ ಮೇಲೆ ನಾಲ್ಕು ಮನೆಗಳ ಸಾಲುಗಳು ಒಟ್ಟು 69. ಅಡ್ಡಕ್ಕೆ 24, ಉದ್ದಕ್ಕೆ 21, ಓರೆಗೆ 24. ಒಂದು ಸಾಲಿನಲ್ಲಿ ಇಬ್ಬರ ಬಿಲ್ಲೆಯೂ ಇದ್ದರೆ ಅದು ಸತ್ತ ಸಾಲು, 0. ನನ್ನದು ಮಾತ್ರ ಇದ್ದರೆ ಒಂದು ಬಿಲ್ಲೆಗೆ 1, ಎರಡಕ್ಕೆ 5, ಮೂರಕ್ಕೆ 30. ಎದುರಾಳಿಯದಕ್ಕೆ ಇದೇ ಲೆಕ್ಕ, ಆದರೆ ಕಳೆಯಬೇಕು. ಈ 1, 5, 30 ಪವಿತ್ರ ಸಂಖ್ಯೆಗಳೇನಲ್ಲ, ಬದಲಿಸಿ ನೋಡಿ. ಅಂದಾಜಿನ ಒಟ್ಟು ಅಂಕ ಯಾವತ್ತೂ ನಿಜವಾದ ಗೆಲುವಿನ ಅಂಕದ ಹತ್ತಿರ ಹೋಗಬಾರದು, ಅಷ್ಟು ನೋಡಿಕೊಳ್ಳಿ.

ನಡುವಿನ ಕಾಲಂ ಒಳ್ಳೆಯದು ಎಂದು ಬೇರೆಯಾಗಿ ಹೇಳಿಕೊಡುವ ಅಗತ್ಯವೇ ಇಲ್ಲ. ಕೆಳಸಾಲಿನ ಮೂಲೆಯ ಮನೆ 3 ಸಾಲುಗಳಿಗೆ ಸೇರಿದೆ. ಅದೇ ಕೆಳಸಾಲಿನ ನಡುಮನೆ 7 ಸಾಲುಗಳಿಗೆ ಸೇರಿದೆ. ಸಾಲು ಎಣಿಸಿದರೆ ನಡುವಿನ ಬೆಲೆ ತಾನಾಗಿ ಬರುತ್ತದೆ.

ಹಂತ 5: ಆಲ್ಫಾ-ಬೀಟಾ

ಇದು ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ನಡೆಗಳ ದಾರಿ ಮರದಂತೆ ಕವಲೊಡೆಯುತ್ತಾ ಹೋಗುತ್ತದೆ. ಅದರಲ್ಲಿ ನೋಡಬೇಕಾಗಿಲ್ಲದ ಕೊಂಬೆಗಳನ್ನು ಬಿಟ್ಟುಬಿಡುವುದು, ಆದರೂ ಉತ್ತರ ಒಂದು ಅಂಕದಷ್ಟೂ ಬದಲಾಗದೆ ಇರುವುದು.

ಕಾಗದದ ಮೇಲೆ ಮಾಡಿ ನೋಡಿ. ನನ್ನ ಮುಂದೆ ಮೂರು ನಡೆ ಇವೆ. ಮೊದಲ ನಡೆಗೆ ಎದುರಾಳಿಯ ಮೂರು ಉತ್ತರಗಳು, ಅವುಗಳಿಂದ ನನಗೆ ಸಿಗುವ ಅಂಕ 3, 5, 4. ಅವರು ಕನಿಷ್ಠವನ್ನೇ ಆರಿಸುತ್ತಾರೆ, ಹಾಗಾಗಿ ಈ ನಡೆಯ ಬೆಲೆ 3. ಈಗ ಎರಡನೇ ನಡೆ. ಎದುರಾಳಿಯ ಮೊದಲ ಉತ್ತರದಲ್ಲೇ ನನಗೆ 2 ಬಂತು. ಇಲ್ಲೇ ನಿಲ್ಲಿಸಬಹುದು. ಉಳಿದ ಉತ್ತರಗಳು 100 ಇದ್ದರೂ ಲಾಭವಿಲ್ಲ, ಯಾಕೆಂದರೆ ಎದುರಾಳಿ ನನಗೆ 2ಕ್ಕಿಂತ ಹೆಚ್ಚು ಬಿಡುವುದೇ ಇಲ್ಲ. ನನ್ನ ಕೈಯಲ್ಲಿ ಆಗಲೇ 3 ಇದೆ. ಮೂರನೇ ನಡೆಗೆ 6, 4, 7 ಬಂತು ಅನ್ನಿ. ಕನಿಷ್ಠ 4. ಅದನ್ನೇ ಆಡುತ್ತೇನೆ.

ನನ್ನ ಕೈಯಲ್ಲಿರುವ ಆ ಖಾತ್ರಿ ಅಂಕವೇ ಆಲ್ಫಾ. ಎದುರಾಳಿ ನನಗೆ ಬಿಡುವ ಗರಿಷ್ಠ ಮಿತಿಯೇ ಬೀಟಾ. ಸಿಕ್ಕ ಅಂಕ ಬೀಟಾ ಮುಟ್ಟಿದರೆ ಆ ಸ್ಥಿತಿಗೆ ಎದುರಾಳಿ ಬರುವುದೇ ಇಲ್ಲ, ಮುಂದೆ ನೋಡುವುದು ಬೇಡ.

ಹುಡುಕು (ಆಳ, ಆಲ್ಫಾ, ಬೀಟಾ):
— ಈಗತಾನೇ ಆಡಿದವರು ಗೆದ್ದಿದ್ದರೆ, −(1,00,000 − ಬಿಲ್ಲೆಗಳು) ಹಿಂದಿರುಗಿಸು
— ಬೋರ್ಡ್ ತುಂಬಿದ್ದರೆ, 0 ಹಿಂದಿರುಗಿಸು
— ಆಳ 0 ಆಗಿದ್ದರೆ, ಅಂದಾಜು ಅಂಕ ಹಿಂದಿರುಗಿಸು
— ಅತ್ಯುತ್ತಮ = −10,00,000
— ಆಡಬಹುದಾದ ಪ್ರತಿ ನಡೆಗೂ:
—— ನಡೆ ಆಡು
—— ಅಂಕ = −ಹುಡುಕು (ಆಳ − 1, −ಬೀಟಾ, −ಆಲ್ಫಾ)
—— ನಡೆ ವಾಪಸ್ ತೆಗೆ
—— ಅಂಕ > ಅತ್ಯುತ್ತಮ ಆದರೆ, ಅತ್ಯುತ್ತಮ = ಅಂಕ
—— ಅತ್ಯುತ್ತಮ > ಆಲ್ಫಾ ಆದರೆ, ಆಲ್ಫಾ = ಅತ್ಯುತ್ತಮ
—— ಆಲ್ಫಾ ≥ ಬೀಟಾ ಆದರೆ, ಇಲ್ಲಿಗೆ ನಿಲ್ಲಿಸು
— ಅತ್ಯುತ್ತಮ ಹಿಂದಿರುಗಿಸು

ಒಳಗೆ ಕರೆಯುವಾಗ ಆಲ್ಫಾ ಮತ್ತು ಬೀಟಾ ಜಾಗ ಬದಲಿಸಿ, ಚಿಹ್ನೆಯನ್ನೂ ಬದಲಿಸಬೇಕು. ಶುರುವಿನಲ್ಲಿ ಆಲ್ಫಾ −10,00,000, ಬೀಟಾ 10,00,000. ನಿಮ್ಮ ಭಾಷೆಯ ಅತಿ ಚಿಕ್ಕ ಪೂರ್ಣಾಂಕವನ್ನು ಇಲ್ಲಿ ಹಾಕಬೇಡಿ. ಎಷ್ಟೋ ಭಾಷೆಗಳಲ್ಲಿ ಅದರ ಚಿಹ್ನೆ ತಿರುಗಿಸಿದರೆ ಮತ್ತೆ ಅದೇ ಋಣ ಸಂಖ್ಯೆ ವಾಪಸ್ ಬರುತ್ತದೆ, ಹುಡುಕಾಟ ಪೂರ್ತಿ ಕೆಡುತ್ತದೆ.

ಈಗ ನೋಟ್‌ಬುಕ್ ತೆರೆಯಿರಿ. ಒಂದಿಪ್ಪತ್ತು ಬೇರೆ ಬೇರೆ ಸ್ಥಿತಿ ತೆಗೆದುಕೊಂಡು ಆಳ 6ರಲ್ಲಿ ಮಿನಿಮ್ಯಾಕ್ಸ್ ಮತ್ತು ಆಲ್ಫಾ-ಬೀಟಾ ಎರಡನ್ನೂ ಓಡಿಸಿ. ಇಪ್ಪತ್ತರಲ್ಲೂ ಅಂಕ ಒಂದೇ ಇರಬೇಕು. ಒಂದರಲ್ಲಿ ಬೇರೆ ಬಂದರೂ ಮುಂದಿನ ಹಂತಕ್ಕೆ ಹೋಗಬೇಡಿ. ಹಳೆಯ ಮಿನಿಮ್ಯಾಕ್ಸ್ ಕೋಡನ್ನು ಅಳಿಸಲೂ ಬೇಡಿ, ಅದೇ ನಿಮ್ಮ ಸಾಕ್ಷಿ.

ಹಂತ 6: ನಡೆಗಳ ಸರದಿ

ಆಲ್ಫಾ-ಬೀಟಾ ಎಷ್ಟು ಉಳಿಸುತ್ತದೆ ಅನ್ನುವುದು ಒಳ್ಳೆಯ ನಡೆ ಮೊದಲು ಸಿಕ್ಕಿತಾ ಇಲ್ಲವಾ ಅನ್ನುವುದರ ಮೇಲೆ ನಿಂತಿದೆ. ಡೊನಾಲ್ಡ್ ಕ್ನೂತ್ ಮತ್ತು ರೊನಾಲ್ಡ್ ಮೂರ್ 1975ರಲ್ಲಿ ಇದನ್ನು ಕೂಲಂಕಷವಾಗಿ ಲೆಕ್ಕ ಹಾಕಿ ತೋರಿಸಿದರು. ಪ್ರತಿ ಸ್ಥಿತಿಯಲ್ಲಿ 7 ನಡೆ, ಆಳ 8 ಇದ್ದರೆ ಮಿನಿಮ್ಯಾಕ್ಸ್ ಕೊನೆಯಲ್ಲಿ 57,64,801 ಸ್ಥಿತಿ ನೋಡಬೇಕು. ಪ್ರತಿ ಸಲವೂ ಅತ್ಯುತ್ತಮ ನಡೆಯೇ ಮೊದಲು ಸಿಕ್ಕರೆ ಆಲ್ಫಾ-ಬೀಟಾಗೆ 4,801 ಸಾಕು. ಅದೇ ಸಮಯದಲ್ಲಿ ಸುಮಾರು ಎರಡು ಪಟ್ಟು ಆಳ ನೋಡಬಹುದು ಎಂದಾಯಿತು. ಕೆಟ್ಟ ನಡೆಗಳೇ ಮೊದಲು ಸಿಕ್ಕರೆ ಏನೂ ಉಳಿಯುವುದಿಲ್ಲ.

ಕನೆಕ್ಟ್ ಫೋರ್‌ಗೆ ಒಂದು ಸಾಲಿನ ಬದಲಾವಣೆ ಸಾಕು. ಕಾಲಂಗಳನ್ನು 1ರಿಂದ 7ರವರೆಗೆ ನೋಡುವ ಬದಲು 4, 3, 5, 2, 6, 1, 7 ಎಂದು ನಡುವಿನಿಂದ ನೋಡಿ. ಎಣಿಕೆ ಎಷ್ಟು ಇಳಿಯಿತು ಎಂದು ನೀವೇ ಬರೆದುಕೊಳ್ಳಿ, ಖುಷಿಯಾಗುತ್ತದೆ. ಚೆಸ್‌ನಲ್ಲಾದರೆ ಹೊಡೆಯುವ ನಡೆಗಳನ್ನು ಮೊದಲು ನೋಡುತ್ತಾರೆ. ಅದರಲ್ಲೂ ಚಿಕ್ಕ ಕಾಯಿಂದ ದೊಡ್ಡ ಕಾಯಿ ಹೊಡೆಯುವ ನಡೆ ಎಲ್ಲಕ್ಕಿಂತ ಮುಂದೆ. ಆಮೇಲೆ, ಇದೇ ಆಳದ ಬೇರೊಂದು ಕೊಂಬೆಯಲ್ಲಿ ಬೀಟಾ ಮುಟ್ಟಿಸಿದ ನಡೆ ಯಾವುದೋ ಅದು. ಅದಕ್ಕೆ ಕಿಲ್ಲರ್ ನಡೆ ಎಂದು ಹೆಸರು.

ಹಂತ 7: ಆಳವನ್ನು ಒಂದೊಂದಾಗಿ ಏರಿಸಿ

ನಡೆಗೆ 2 ಸೆಕೆಂಡ್ ಸಮಯ ಎಂದಿಟ್ಟುಕೊಳ್ಳಿ. ಎಷ್ಟು ಆಳ ನೋಡಬಹುದೆಂದು ಮೊದಲೇ ಹೇಳುವುದು ಹೇಗೆ? ಹೇಳುವುದು ಬೇಡ. ಆಳ 1 ನೋಡಿ, ಆಮೇಲೆ 2, ಆಮೇಲೆ 3. ಸಮಯ ಮುಗಿದಾಗ, ಪೂರ್ತಿ ಮುಗಿದಿದ್ದ ಕೊನೆಯ ಆಳದ ಉತ್ತರವನ್ನು ಆಡಿ. ಅರ್ಧಕ್ಕೆ ನಿಂತದ್ದನ್ನು ಎಸೆಯಿರಿ. ಗಡಿಯಾರವನ್ನು ಪ್ರತಿ ಸ್ಥಿತಿಗೂ ನೋಡಬೇಡಿ, ಸಾವಿರಾರು ಸ್ಥಿತಿಗೆ ಒಮ್ಮೆ ನೋಡಿದರೆ ಸಾಕು.

ಮಾಡಿದ್ದನ್ನೇ ಮತ್ತೆ ಮಾಡಿದಂತಲ್ಲವೇ ಎಂದು ಎಲ್ಲರಿಗೂ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಪ್ರತಿ ಆಳಕ್ಕೂ ಕೆಲಸ 7 ಪಟ್ಟು ಏರಿದರೆ, ಹಿಂದಿನ ಎಲ್ಲ ಆಳಗಳ ಕೆಲಸ ಸೇರಿಸಿದರೂ ಕೊನೆಯದರ ಆರನೇ ಒಂದು ಪಾಲು. ಆಲ್ಫಾ-ಬೀಟಾ ಇದ್ದಾಗ ಏರಿಕೆ ಕಡಿಮೆ ಇರುವುದರಿಂದ ಆ ಪಾಲು ಸ್ವಲ್ಪ ಜಾಸ್ತಿ. ಆದರೆ ಹಿಂದಿನ ಸುತ್ತಿನ ಅತ್ಯುತ್ತಮ ನಡೆಯನ್ನು ಈ ಸುತ್ತಿನಲ್ಲಿ ಮೊದಲು ನೋಡಿದರೆ ಆ ಖರ್ಚು ವಾಪಸ್ ಬರುತ್ತದೆ.

ಹಂತ 8: ನೋಡಿದ್ದನ್ನು ನೆನಪಿಟ್ಟುಕೊಳ್ಳಿ

ನಾನು ಕಾಲಂ 3, ಎದುರಾಳಿ 6, ನಾನು 4. ಅಥವಾ ನಾನು 4, ಎದುರಾಳಿ 6, ನಾನು 3. ಎರಡೂ ದಾರಿ ಒಂದೇ ಸ್ಥಿತಿಗೆ ತಲುಪುತ್ತವೆ. ಎರಡು ಸಲ ಹುಡುಕುವುದು ದಂಡ. ಇದಕ್ಕಾಗಿ ಒಂದು ಹ್ಯಾಶ್ ಟೇಬಲ್ (ಗುರುತಿನ ಸಂಖ್ಯೆ ಕೊಟ್ಟರೆ ಬರೆದಿಟ್ಟದ್ದನ್ನು ತಕ್ಷಣ ತೆಗೆದುಕೊಡುವ ಪಟ್ಟಿ) ಇಡುತ್ತಾರೆ, ಟ್ರಾನ್ಸ್‌ಪೊಸಿಷನ್ ಟೇಬಲ್ ಎಂದು ಹೆಸರು.

ಸ್ಥಿತಿಗೆ ಗುರುತಿನ ಸಂಖ್ಯೆ ಕೊಡುವ ವಿಧಾನವನ್ನು ಆಲ್ಬರ್ಟ್ ಜೋಬ್ರಿಸ್ಟ್ 1970ರಲ್ಲಿ ಕೊಟ್ಟರು. 42 ಮನೆ, 2 ಬಣ್ಣ. ಒಟ್ಟು 84 ಯಾದೃಚ್ಛಿಕ 64-ಬಿಟ್ ಸಂಖ್ಯೆಗಳನ್ನು ಮೊದಲೇ ಮಾಡಿಟ್ಟುಕೊಳ್ಳಿ. ಬಿಲ್ಲೆ ಇಟ್ಟಾಗ ಅದರ ಸಂಖ್ಯೆಯನ್ನು ಸ್ಥಿತಿಯ ಗುರುತಿನ ಜೊತೆ ಎಕ್ಸ್‌ಆರ್ (ಎರಡರ ಬಿಟ್‌ಗಳು ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0) ಮಾಡಿ. ವಾಪಸ್ ತೆಗೆದಾಗ ಮತ್ತೊಮ್ಮೆ ಅದೇ ಎಕ್ಸ್‌ಆರ್ ಮಾಡಿದರೆ ಹಳೆಯ ಗುರುತು ಬರುತ್ತದೆ. ಯಾರ ಸರದಿ ಎನ್ನುವುದು ಬಿಲ್ಲೆಗಳ ಸಂಖ್ಯೆಯಿಂದಲೇ ಇಲ್ಲಿ ತಿಳಿಯುತ್ತದೆ. ಚೆಸ್‌ನಲ್ಲಿ ತಿಳಿಯುವುದಿಲ್ಲ, ಅದಕ್ಕೆ ಇನ್ನೊಂದು ಸಂಖ್ಯೆ ಬೇಕು.

ಟೇಬಲ್‌ನಲ್ಲಿ ಗುರುತು, ನೋಡಿದ ಆಳ, ಅಂಕ, ಅತ್ಯುತ್ತಮ ನಡೆ ಇಡಿ. ಜೊತೆಗೆ ಆ ಅಂಕ ಯಾವ ಥರದ್ದು ಎನ್ನುವುದನ್ನೂ ಇಡಿ. ಬಹಳಷ್ಟು ಜನ ಎಡವುವುದು ಇಲ್ಲೇ. ಬೀಟಾ ಮುಟ್ಟಿ ನಿಲ್ಲಿಸಿದಾಗ ನಮಗೆ ಗೊತ್ತಿರುವುದು "ಕನಿಷ್ಠ ಇಷ್ಟು" ಎಂದಷ್ಟೇ. ಯಾವ ನಡೆಯೂ ಆಲ್ಫಾ ದಾಟದಿದ್ದರೆ "ಹೆಚ್ಚೆಂದರೆ ಇಷ್ಟು". ಇವೆರಡರ ನಡುವೆ ಬಂದರೆ ಮಾತ್ರ ಅದು ನಿಖರ ಅಂಕ. ಮೂರನ್ನೂ ನಿಖರ ಎಂದು ಬರೆದಿಟ್ಟರೆ ಪ್ರೋಗ್ರಾಂ ಆಗೊಮ್ಮೆ ಈಗೊಮ್ಮೆ ವಿಚಿತ್ರ ನಡೆ ಆಡುತ್ತದೆ, ಕಾರಣ ಸಿಗುವುದು ಬಹಳ ಕಷ್ಟ.

ಟೇಬಲ್‌ನ ಅಂಕ ಬೇಕಾದದ್ದಕ್ಕಿಂತ ಹೆಚ್ಚು ಆಳದ್ದಾದರೆ ಆಟದಲ್ಲಿ ಬಳಸಬಹುದು, ಒಳ್ಳೆಯದೇ. ಆದರೆ ಮಿನಿಮ್ಯಾಕ್ಸ್ ಜೊತೆ ತಾಳೆ ನೋಡುವಾಗ ಆಳ ಸರಿಸಮ ಇದ್ದರೆ ಮಾತ್ರ ಬಳಸಿ. ಇಲ್ಲದಿದ್ದರೆ ಬಗ್ ಇಲ್ಲದೆಯೂ ಅಂಕ ಬೇರೆ ಬರುತ್ತದೆ. ಗೆಲುವಿನ ಅಂಕಕ್ಕೆ ಬಿಲ್ಲೆಗಳನ್ನು ಎಣಿಸಿದ್ದು ಇಲ್ಲೂ ಉಪಯೋಗಕ್ಕೆ ಬರುತ್ತದೆ. ಯಾವ ದಾರಿಯಲ್ಲಿ ಬಂದರೂ ಒಂದು ಸ್ಥಿತಿಯಲ್ಲಿ ಬಿಲ್ಲೆಗಳು ಅಷ್ಟೇ, ಹಾಗಾಗಿ ಅಂಕ ತಿದ್ದುವ ತಲೆನೋವಿಲ್ಲ.

ಹಂತ 9: ಗೆರೆಯ ಆಚೆ ಅಡಗಿರುವುದು

ಆಳದ ಗೆರೆ ಎಳೆದ ಕಡೆ ಒಂದು ಅಪಾಯವಿದೆ. ಚೆಸ್‌ನಲ್ಲಿ ಕೊನೆಯ ನಡೆಯಾಗಿ ನನ್ನ ರಾಣಿ ಒಂದು ಪದಾತಿಯನ್ನು ಹೊಡೆಯಿತು ಅನ್ನಿ. ಅಂದಾಜು ಅಂಕ ಲಾಭ ತೋರಿಸುತ್ತದೆ. ಮುಂದಿನ ನಡೆಯಲ್ಲೇ ರಾಣಿ ಹೋಗುತ್ತದೆ, ಆದರೆ ಅದು ಗೆರೆಯ ಆಚೆ. ಇದಕ್ಕೆ ಹೊರೈಜನ್ ಎಫೆಕ್ಟ್ ಎನ್ನುತ್ತಾರೆ. ಪರಿಹಾರವೆಂದರೆ ಆಳ 0 ಆದಾಗ ತಕ್ಷಣ ಅಂದಾಜಿಸದೆ, ಹೊಡೆಯುವ ನಡೆಗಳನ್ನು ಮಾತ್ರ ಮುಂದುವರಿಸಿ ಬೋರ್ಡ್ ಶಾಂತವಾಗುವವರೆಗೆ ನೋಡುವುದು. ಕನೆಕ್ಟ್ ಫೋರ್‌ನಲ್ಲಿ ಹೊಡೆತವಿಲ್ಲ. ಅಲ್ಲಿ ಎದುರಾಳಿ ಮುಂದಿನ ನಡೆಯಲ್ಲೇ ಗೆಲ್ಲುವಂತಿದ್ದರೆ ಆಳವನ್ನು ಒಂದು ಹೆಚ್ಚಿಸಿದರೆ ಸಾಕು. ಈ ಹಂತದಲ್ಲಿ ಮಾತ್ರ ಅಂಕ ಬದಲಾಗುವುದು ಸಹಜ. ಇದು ವೇಗದ ಉಪಾಯವಲ್ಲ, ಅಂದಾಜನ್ನು ಸುಧಾರಿಸುವ ಕೆಲಸ.

ಇಲ್ಲಿಯವರೆಗಿನ ದಾರಿಯನ್ನು ಹಿಗ್ಗಿಸುತ್ತಾ ಹೋದರೆ ಚೆಸ್ ಆಡುವ ಕಂಪ್ಯೂಟರ್ ಡೀಪ್ ಬ್ಲೂ ಸಿಗುತ್ತದೆ. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿ ನೋಡುತ್ತಿದ್ದ ಆ ಯಂತ್ರ 1997ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು 3.5-2.5ರಿಂದ ಸೋಲಿಸಿತು. ಈಗಿನ ಚೆಸ್ ಪ್ರೋಗ್ರಾಂ ಸ್ಟಾಕ್‌ಫಿಶ್ ಕೂಡ ಆಲ್ಫಾ-ಬೀಟಾ ಕುಟುಂಬದ್ದೇ. 2020ರಿಂದ ಅದರ ಅಂದಾಜಿನ ಕೆಲಸ ಉದಾಹರಣೆಗಳಿಂದ ಕಲಿಯುವ ಒಂದು ನ್ಯೂರಲ್ ನೆಟ್‌ವರ್ಕ್‌ಗೆ ಹೋಗಿದೆ.

ಹಂತ 10: ಅಂದಾಜೇ ಆಗದ ಆಟಗಳಿಗೆ

ಕಪ್ಪು ಬಿಳಿ ಕಲ್ಲುಗಳನ್ನಿಟ್ಟು ಜಾಗ ಸುತ್ತುವರಿಯುವ ಗೋ ಆಟದಲ್ಲಿ 19×19, ಅಂದರೆ 361 ಜಾಗ. ನಡೆಗಳು ಜಾಸ್ತಿ ಅನ್ನುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ನಡು ಆಟದಲ್ಲಿ ಯಾರು ಮುಂದಿದ್ದಾರೆ ಎಂದು ಸೂತ್ರ ಬರೆಯಲು ಆಗದಿರುವುದು. 2006ರಲ್ಲಿ ರೆಮಿ ಕುಲೋಂ ಬೇರೆ ದಾರಿ ಹಿಡಿದರು. ಅಂದಾಜಿಸುವ ಬದಲು ಆಟವನ್ನು ಕೊನೆಯವರೆಗೆ ಯದ್ವಾತದ್ವಾ ಆಡಿಸಿ, ಯಾರು ಗೆದ್ದರೆಂದು ನೋಡಿ. ಸಾವಿರಾರು ಸಲ ಹೀಗೆ ಮಾಡಿದರೆ ಒಳ್ಳೆಯ ನಡೆಗಳು ಮೇಲೆ ಬರುತ್ತವೆ. ಇದು ಮಾಂಟೆ ಕಾರ್ಲೋ ಟ್ರೀ ಸರ್ಚ್.

ಸುತ್ತು ಒಂದೇ, ಮತ್ತೆ ಮತ್ತೆ ನಡೆಯುತ್ತದೆ. ಮರದಲ್ಲಿ ಒಳ್ಳೆಯದೆನಿಸುವ ನಡೆಗಳನ್ನು ಹಿಡಿದು ಇಳಿಯಿರಿ. ತುದಿಯಲ್ಲಿ ಒಂದು ಹೊಸ ನಡೆ ಸೇರಿಸಿ. ಅಲ್ಲಿಂದ ಆಟ ಮುಗಿಯುವವರೆಗೆ ಯದ್ವಾತದ್ವಾ ಆಡಿಸಿ. ಫಲಿತಾಂಶವನ್ನು ಬಂದ ದಾರಿಯುದ್ದಕ್ಕೂ ಬರೆದುಕೊಂಡು ಮೇಲೆ ಬನ್ನಿ.

ಯಾವ ನಡೆ ಹಿಡಿಯಬೇಕು ಎನ್ನುವುದಕ್ಕೆ ಅದೇ ವರ್ಷ ಕೋಚಿಶ್ ಮತ್ತು ಸೆಪೆಶ್ವಾರಿ ಒಂದು ಸೂತ್ರ ಬಳಸಿದರು. ಗೆಲುವಿನ ಪ್ರಮಾಣಕ್ಕೆ ಒಂದು ಬೋನಸ್ ಸೇರಿಸುವುದು. ಒಟ್ಟು ಭೇಟಿಗಳ (ಈ ಸ್ಥಿತಿಯ ಮೂಲಕ ಇಳಿದ ಸುತ್ತುಗಳ) ಸಹಜ ಲಾಗರಿದಮ್ ಅನ್ನು ಈ ನಡೆಯ ಭೇಟಿಗಳಿಂದ ಭಾಗಿಸಿ, ವರ್ಗಮೂಲ ತೆಗೆದು, 1.4ರಿಂದ ಗುಣಿಸಿದರೆ ಬೋನಸ್. ಒಟ್ಟು 100 ಭೇಟಿ ಆಗಿದೆ ಅನ್ನಿ. ಒಂದು ನಡೆ 60 ಭೇಟಿಯಲ್ಲಿ 36 ಗೆದ್ದಿದೆ: 0.6ಕ್ಕೆ 0.39 ಸೇರಿ 0.99. ಇನ್ನೊಂದು 10ರಲ್ಲಿ 5 ಗೆದ್ದಿದೆ: 0.5ಕ್ಕೆ 0.95 ಸೇರಿ 1.45. ಈ ಸಲ ಎರಡನೆಯದರ ಸರದಿ. ಕಡಿಮೆ ನೋಡಿದ ನಡೆಗೂ ಅವಕಾಶ ಸಿಗುತ್ತದೆ, ಒಳ್ಳೆಯ ನಡೆಗೆ ಹೆಚ್ಚು ಸಿಗುತ್ತದೆ. ಸಮಯ ಮುಗಿದಾಗ ಅತಿ ಹೆಚ್ಚು ಭೇಟಿಯಾದ ನಡೆಯನ್ನು ಆಡಿ. ಗೆಲುವಿನ ಪ್ರಮಾಣ ನೋಡಿ ಆರಿಸಬೇಡಿ, ಎರಡೇ ಭೇಟಿಯಲ್ಲಿ ಎರಡೂ ಗೆದ್ದ ನಡೆ ಮೋಸ ಮಾಡುತ್ತದೆ.

2016ರ ಮಾರ್ಚ್‌ನಲ್ಲಿ ಗೋ ಆಟದ ದಿಗ್ಗಜ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ ಆಲ್ಫಾಗೋ ಇದೇ ಮರದ ಮೇಲೆ ನಿಂತಿತ್ತು. ಯಾವ ನಡೆ ನೋಡಬೇಕು, ಸ್ಥಿತಿಯ ಬೆಲೆ ಎಷ್ಟು ಎನ್ನುವುದನ್ನು ಅದಕ್ಕೆ ನ್ಯೂರಲ್ ನೆಟ್‌ವರ್ಕ್‌ಗಳು ಹೇಳುತ್ತಿದ್ದವು.

ಕನೆಕ್ಟ್ ಫೋರ್‌ಗೆ ನಾನು ಆಲ್ಫಾ-ಬೀಟಾವನ್ನೇ ಆರಿಸುತ್ತೇನೆ. ಒಂದೇ ಒಂದು ಸರಿಯಾದ ಉತ್ತರವಿರುವ ಬಲೆಗಳು ಈ ಆಟದಲ್ಲಿ ಹೆಚ್ಚು. ಯದ್ವಾತದ್ವಾ ಆಡಿಸುವಾಗ ಆ ಒಂದು ಉತ್ತರ ಸುಲಭವಾಗಿ ತಪ್ಪಿಹೋಗುತ್ತದೆ.

ಹಂತ 11: ನಿಜವಾಗಿ ಸುಧಾರಿಸಿತಾ?

ಹೊಸ ಆವೃತ್ತಿಯನ್ನು ಹಳೆಯದರ ಜೊತೆ ಆಡಿಸಿ. ಎರಡೂ ಪ್ರತಿ ಸಲ ಒಂದೇ ಥರ ಆಡುವುದರಿಂದ ಖಾಲಿ ಬೋರ್ಡ್‌ನಿಂದ ನೂರು ಸಲ ಆಡಿಸಿದರೂ ಅದೇ ಆಟ ನೂರು ಸಲ ಬರಬಹುದು. ಮೊದಲ ಎರಡು ನಡೆಗಳನ್ನು ನೀವೇ ಇಟ್ಟುಕೊಡಿ. 49 ಶುರುಗಳು, ಪ್ರತಿಯೊಂದನ್ನೂ ಎರಡೂ ಕಡೆಯಿಂದ ಆಡಿಸಿದರೆ 98 ಆಟ. 52-46 ಬಂದರೆ ಅದರಿಂದ ಏನನ್ನೂ ಹೇಳಲಾಗದು, ಅಷ್ಟು ಏರುಪೇರು ಸುಮ್ನೆ ಬರುತ್ತದೆ. 65-33 ಬಂದರೆ ನಂಬಬಹುದು.

ಕೊನೆಯ ಪರೀಕ್ಷೆ ಖಾಲಿ ಬೋರ್ಡ್. ಆಳ 42ರವರೆಗೆ ಹೋಗಲು ಬಿಡಿ. ಸರಳ ಕೋಡ್‌ಗೆ ಬಹಳ ಹೊತ್ತು ಬೇಕಾಗಬಹುದು, ಬೇಕಾದರೆ ಕೆಲವು ನಡೆ ಆಡಿದ ಸ್ಥಿತಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಸರಿಯುತ್ತರ ಹೀಗಿದೆ: ಮೊದಲ ಬಿಲ್ಲೆ ನಡುವಿನ ಕಾಲಂಗೆ ಬಿದ್ದರೆ ಗೆಲುವು, ಅದರ ಎಡಬಲದ 3 ಮತ್ತು 5ಕ್ಕೆ ಬಿದ್ದರೆ ಡ್ರಾ, ಹೊರಗಿನ ನಾಲ್ಕು ಕಾಲಂಗಳಿಗೆ ಬಿದ್ದರೆ ಸೋಲು. ನಿಮ್ಮ ಪ್ರೋಗ್ರಾಂ ಏಳೂ ಕಾಲಂಗೆ ಕೊಟ್ಟ ಅಂಕಗಳನ್ನು ನೋಟ್‌ಬುಕ್‌ನಲ್ಲಿ ಇದರ ಪಕ್ಕಕ್ಕೆ ಬರೆಯಿರಿ.